ಕರ್ನಲ್ ಕಂಪೈಲ್ ಮಾಡಲು ಹೊರಟಿದ್ದೀರಾ? ಯಾವ ಕಾನ್ಫಿಗ್‌ನಿಂದ ಶುರು ಮಾಡಬೇಕು ಎಂಬುದೇ ಮೊದಲ ಪ್ರಶ್ನೆ

ಲಿನಕ್ಸ್ ಕರ್ನಲ್‌ನ (ಹಾರ್ಡ್‌ವೇರನ್ನೂ ಪ್ರೋಗ್ರಾಂಗಳನ್ನೂ ಬೆಸೆಯುವ, ಆಪರೇಟಿಂಗ್ ಸಿಸ್ಟಂನ ತಿರುಳಿನ) ಸೋರ್ಸ್ ಇಳಿಸಿಕೊಂಡು, ಬಿಚ್ಚಿ, ಟರ್ಮಿನಲ್‌ನಲ್ಲಿ 'ಮೇಕ್ ಮೆನುಕಾನ್ಫಿಗ್' ಕೊಡುವವರೆಗೆ ಎಲ್ಲರಿಗೂ ಹುರುಪು ಇರುತ್ತದೆ. ಆಮೇಲೆ ಆ ನೀಲಿ ಪರದೆ ಬರುತ್ತದೆ. ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು ಮೆನು, ಪ್ರತಿ ಸಾಲಿಗೂ 'ವೈ' (ಸೇರಿಸು) ಕೊಡಬೇಕೋ 'ಎಂ' (ಬೇರೆ ಮಾಡ್ಯೂಲ್ ಮಾಡು) ಕೊಡಬೇಕೋ 'ಎನ್' (ಬೇಡ) ಕೊಡಬೇಕೋ ಎಂಬ ಪ್ರಶ್ನೆ. ಉಬುಂಟು ಅಥವಾ ಡೆಬಿಯನ್ ತಮ್ಮ ಕರ್ನಲ್ ಕಟ್ಟಲು ಬಳಸುವ ಕಾನ್ಫಿಗ್ ಕಡತ, ಅಂದರೆ ಈ ಉತ್ತರಗಳ ಪಟ್ಟಿ, 10 ಸಾವಿರ ಸಾಲು ದಾಟುತ್ತದೆ. ಅದನ್ನು ಮೇಲಿನಿಂದ ಕೆಳಗೆ ಓದಿ ಯಾರೂ ತೀರ್ಮಾನ ಮಾಡುವುದಿಲ್ಲ, ಕರ್ನಲ್ ಬರೆಯುವವರೂ ಮಾಡುವುದಿಲ್ಲ.

ಅದಕ್ಕೇ ಓದುಗರು ನನ್ನನ್ನು ಕೇಳುವುದು ಹೆಚ್ಚಾಗಿ ಒಂದೇ ಬಗೆಯ ಪ್ರಶ್ನೆ: ಡಿಸ್ಟ್ರೋದ (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ವಿತರಣೆಯ) ಕಾನ್ಫಿಗ್ ನಕಲು ಮಾಡಿಕೊಳ್ಳಲೇ, ಸೋರ್ಸಿನಲ್ಲೇ ಬರುವ ಡೆಫ್‌ಕಾನ್ಫಿಗ್ ಸಾಕಾ, ಈಗ ಬಳಕೆಯಲ್ಲಿರುವುದನ್ನಷ್ಟೇ ಉಳಿಸುವ ಲೋಕಲ್‌ಮಾಡ್‌ಕಾನ್ಫಿಗ್ ಮಾಡಿದರೆ ಏನಾದರೂ ಕೈ ಕೊಡುತ್ತದಾ? ಕೇಳಬೇಕಾದದ್ದೂ ಇದನ್ನೇ. ಶುರು ಮಾಡುವ ಜಾಗ ಸರಿಯಾಗಿ ಆರಿಸಿಕೊಂಡರೆ ಮುಕ್ಕಾಲು ಕೆಲಸ ಮುಗಿದಂತೆ. ಆಮೇಲೆ ನೀವು ಕೈಯಾರೆ ಬದಲಿಸಬೇಕಾದ್ದು ಹತ್ತಿಪ್ಪತ್ತು ಸಾಲು ಮಾತ್ರ.

ಮೊದಲು, ಕಂಪೈಲ್ ಮಾಡಲೇಬೇಕಾ?

'ನನ್ನ ಲ್ಯಾಪ್‌ಟಾಪ್ ವೇಗವಾಗಲಿ' ಎಂಬುದಷ್ಟೇ ನಿಮ್ಮ ಕಾರಣವಾಗಿದ್ದರೆ ಬೇಡ ಎನ್ನುತ್ತೇನೆ. ಬಳಸದ ಡ್ರೈವರ್‌ಗಳು ಮಾಡ್ಯೂಲ್ (ಬೇಕಾದಾಗ ಮಾತ್ರ ಕರ್ನಲ್‌ಗೆ ಸೇರುವ ತುಣುಕು) ರೂಪದಲ್ಲಿ ಡಿಸ್ಕಿನ ಮೇಲೆ ಸುಮ್ಮನೆ ಮಲಗಿರುತ್ತವೆ. ಅವು ಮೆಮೊರಿಗೆ ಬರುವುದೇ ಇಲ್ಲ. ಅವನ್ನು ಕಿತ್ತು ಹಾಕಿದರೆ ಕಂಪೈಲ್ ಸಮಯ ಉಳಿಯುತ್ತದೆ, ಯಂತ್ರದ ವೇಗ ಹೆಚ್ಚುವುದಿಲ್ಲ. ಇನ್ನು ಕೆಲವು ಬದಲಾವಣೆಗಳಿಗೆ ಕರ್ನಲ್ ಶುರುಮಾಡುವ ಬೂಟ್ ಲೋಡರ್ ಆದ ಗ್ರಬ್‌ನಲ್ಲಿ ಒಂದು ಪದ ಸೇರಿಸಿದರೆ ಆಯಿತು. ಓಡುತ್ತಿರುವ ಕೆಲಸವನ್ನು ನಡುವೆ ತಡೆದು ಬೇರೆಯದಕ್ಕೆ ಜಾಗ ಕೊಡುವ ಬಗೆಯನ್ನು (ಪ್ರೀಎಂಪ್ಷನ್) ಬೂಟ್ ಹೊತ್ತಿನಲ್ಲಿ ಬದಲಿಸಲು ಕರ್ನಲ್ 5.12ರಿಂದ ಪ್ರೀಎಂಪ್ಟ್ ಡೈನಮಿಕ್ ಎಂಬ ಸೌಲಭ್ಯ ಇದೆ. ಡಿಸ್ಟ್ರೋ ಅದನ್ನು ಹಾಕಿ ಕಟ್ಟಿದ್ದರೆ 'ಪ್ರೀಎಂಪ್ಟ್' ಎಂಬ ಬೂಟ್ ಆಯ್ಕೆಗೆ 'ಫುಲ್' ಎಂದು ಕೊಟ್ಟು ಸ್ಪಂದನೆ ಚುರುಕು ಮಾಡಿಕೊಳ್ಳಬಹುದು. ಸಿಪಿಯು ದೋಷಗಳ ತಡೆಗಳನ್ನು ನಿಯಂತ್ರಿಸುವ 'ಮಿಟಿಗೇಷನ್ಸ್' ಕೂಡ ಬೂಟ್ ಆಯ್ಕೆಯೇ. ಹೊಸ ಹಾರ್ಡ್‌ವೇರ್‌ಗೆ ಹೊಸ ಕರ್ನಲ್ ಬೇಕು ಅನ್ನುವವರು ಮೊದಲು ಉಬುಂಟುವಿನ ಎಚ್‌ಡಬ್ಲ್ಯುಇ ಕರ್ನಲ್, ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ನೋಡಲಿ.

ಕಂಪೈಲ್ ಮಾಡಲು ನಿಜವಾದ ಕಾರಣಗಳು ಬೇರೆ ಇವೆ: ಒಂದು ಪ್ಯಾಚ್ ಪರೀಕ್ಷಿಸಬೇಕು, ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದದ್ದು ಈಗ ಏಕೆ ಕೆಟ್ಟಿತು ಎಂದು ಹುಡುಕಬೇಕು, ಕಾಲೇಜಿನ ಪ್ರಾಜೆಕ್ಟ್‌ಗೆ ಸಿಸ್ಟಂ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆ) ಸೇರಿಸಬೇಕು, ಸಣ್ಣ ಬೋರ್ಡಿಗೆ ಅಳೆದು ಕಟ್ಟಬೇಕು, ಅಥವಾ ಕರ್ನಲ್ ಅಂದರೇನು ಎಂದು ಬಿಚ್ಚಿ ನೋಡಬೇಕು. ಕೊನೆಯದೂ ಉಳಿದವುಗಳಷ್ಟೇ ಗಟ್ಟಿ ಕಾರಣ.

ಯಾವ ಅಳತೆಗೋಲಿನಿಂದ ನೋಡಬೇಕು

ನಾನು ನಾಲ್ಕು ವಿಷಯ ನೋಡುತ್ತೇನೆ. ಒಂದು, ಮೊದಲ ಸಲವೇ ಬೂಟ್ ಆಗುವ ಭರವಸೆ ಎಷ್ಟು. ಎರಡು, ಕಂಪೈಲ್‌ಗೆ ಹಿಡಿಯುವ ಹೊತ್ತು, ಡಿಸ್ಕ್ ಮತ್ತು ರ್‍ಯಾಮ್. ಮೂರು, ನಾಳೆ ಹೊಸ ಸಾಧನ ಸಿಕ್ಕಿಸಿದರೆ ಅದು ಕೆಲಸ ಮಾಡುತ್ತದೋ ಇಲ್ಲವೋ. ನಾಲ್ಕು, ಮುಂದಿನ ಆವೃತ್ತಿ ಬಂದಾಗ ಈ ಕಾನ್ಫಿಗ್ ಅನ್ನು ಮುಂದಕ್ಕೆ ಒಯ್ಯಲು ಎಷ್ಟು ಶ್ರಮ.

ಈ ನಾಲ್ಕೂ ಒಟ್ಟಿಗೆ ಸಿಗುವುದಿಲ್ಲ. ಮೊದಲನೆಯದು ಮತ್ತು ಮೂರನೆಯದು ಬೇಕೆಂದರೆ ಎರಡನೆಯದನ್ನು ಬಿಟ್ಟುಕೊಡಬೇಕು. ನಿಮ್ಮ ಬಳಿ ಎಂಟು ಕೋರಿನ ಹೊಸ ಯಂತ್ರ ಇದೆಯೋ, ನಾಲ್ಕು ಕೋರು, 8 ಜಿಬಿ ರ್‍ಯಾಮ್‌ನ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಇದೆಯೋ ಎಂಬುದರ ಮೇಲೆ ಆಯ್ಕೆ ಪೂರ್ತಿ ತಿರುಗಿಬಿಡುತ್ತದೆ.

ಡಿಸ್ಟ್ರೋ ಕಾನ್ಫಿಗ್: ಭರವಸೆ ಹೆಚ್ಚು, ಭಾರವೂ ಹೆಚ್ಚು

ಈಗ ಓಡುತ್ತಿರುವ ಕರ್ನಲ್‌ನ ಕಾನ್ಫಿಗ್ ಸಾಮಾನ್ಯವಾಗಿ ಬೂಟ್ ಡೈರೆಕ್ಟರಿಯಲ್ಲಿ ಆವೃತ್ತಿ ಸಂಖ್ಯೆಯೊಂದಿಗೆ ಇರುತ್ತದೆ. ಅದನ್ನು ಸೋರ್ಸ್ ಫೋಲ್ಡರಿಗೆ 'ಡಾಟ್ ಕಾನ್ಫಿಗ್' ಎಂದು ನಕಲಿಸಿ 'ಮೇಕ್ ಓಲ್ಡ್‌ಡೆಫ್‌ಕಾನ್ಫಿಗ್' ಕೊಟ್ಟರೆ, ಹಳೆಯ ಉತ್ತರಗಳೆಲ್ಲ ಹಾಗೇ ಉಳಿದು ಹೊಸ ಪ್ರಶ್ನೆಗಳಿಗೆ ಮಾತ್ರ ಡೀಫಾಲ್ಟ್ ಉತ್ತರ ತುಂಬುತ್ತದೆ. 'ಓಲ್ಡ್‌ಕಾನ್ಫಿಗ್' ಎಂಬುದು ಬೇರೆ. ಅದು ಒಂದೊಂದು ಹೊಸ ಪ್ರಶ್ನೆಯನ್ನೂ ನಿಮ್ಮನ್ನೇ ಕೇಳುತ್ತದೆ. ಏನೇನು ಹೊಸತು ಎಂದು ನೋಡುವ ಆಸೆ ಇದ್ದರೆ ಮೊದಲು 'ಲಿಸ್ಟ್‌ನ್ಯೂಕಾನ್ಫಿಗ್' ಓಡಿಸಿ.

ಡಿಸ್ಟ್ರೋ ಕರ್ನಲ್ ಮದುವೆಮನೆಯ ಅಡುಗೆಯಿದ್ದಂತೆ. ಯಾರು ಬರುತ್ತಾರೋ ಗೊತ್ತಿಲ್ಲದೆ ಎಲ್ಲರಿಗೂ ಆಗುವಷ್ಟು ಮಾಡಿಟ್ಟಿರುತ್ತಾರೆ. ಸಾವಿರಾರು ಮಾಡ್ಯೂಲ್‌ಗಳು, ಅವುಗಳಲ್ಲಿ ನಿಮ್ಮ ಯಂತ್ರ ಬಳಸುವುದು ನೂರಿನ್ನೂರು ಇರಬಹುದು. ಆದರೂ ಎಲ್ಲವನ್ನೂ ಕಂಪೈಲ್ ಮಾಡಬೇಕು. ಹಳೆಯ ನಾಲ್ಕು ಕೋರಿನ ಲ್ಯಾಪ್‌ಟಾಪಿನಲ್ಲಿ ಇದು ಗಂಟೆಗಟ್ಟಲೆ ಹಿಡಿಯುತ್ತದೆ. ಡಿಬಗ್ ಮಾಹಿತಿಯನ್ನೂ (ದೋಷ ಹುಡುಕಲು ನೆರವಾಗುವ ವಿವರ) ಹಾಗೇ ಬಿಟ್ಟರೆ ಬಿಲ್ಡ್ ಫೋಲ್ಡರ್ 20 ಜಿಬಿ ದಾಟುವುದು ಸಾಮಾನ್ಯ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಮೊದಲನೆಯದು ಸರ್ಟಿಫಿಕೇಟ್. ಉಬುಂಟುವಿನ ಕಾನ್ಫಿಗ್‌ನಲ್ಲಿ 'ಸಿಸ್ಟಂ ಟ್ರಸ್ಟೆಡ್ ಕೀಸ್' ಎಂಬ ಸಾಲು ಕೆನಾನಿಕಲ್‌ನ ಸರ್ಟಿಫಿಕೇಟ್ ಕಡತವೊಂದನ್ನು ಕೇಳುತ್ತದೆ. ಅದು ಮೂಲ ಸೋರ್ಸ್‌ನಲ್ಲಿ ಇರುವುದಿಲ್ಲ, ಕಂಪೈಲ್ ಅಲ್ಲಿಗೇ ನಿಲ್ಲುತ್ತದೆ. ಆ ಸಾಲನ್ನೂ ಅದರ ಜೊತೆಗಾರ 'ಸಿಸ್ಟಂ ರೆವೊಕೇಷನ್ ಕೀಸ್' ಸಾಲನ್ನೂ ಖಾಲಿ ಮಾಡಿ. ಎರಡನೆಯದು ಡಿಬಗ್ ಮಾಹಿತಿ. 'ಕರ್ನಲ್ ಹ್ಯಾಕಿಂಗ್' ಮೆನುವಿನ ಒಳಗೆ ಅದನ್ನು ಆಫ್ ಮಾಡಿದರೆ ಹೊತ್ತೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ. ಆದರೆ ನಿಮ್ಮ ಪ್ರಾಜೆಕ್ಟ್ ಇಬಿಪಿಎಫ್ (ಕರ್ನಲ್‌ನೊಳಗೆ ಪುಟ್ಟ ಪ್ರೋಗ್ರಾಂ ಓಡಿಸುವ ಸೌಲಭ್ಯ) ಮೇಲಿದ್ದರೆ ಆಫ್ ಮಾಡಬೇಡಿ. ಇಬಿಪಿಎಫ್ ಉಪಕರಣಗಳು ಕರ್ನಲ್‌ನ ಡೇಟಾ ರಚನೆ ಅರಿಯಲು ನೆಚ್ಚಿಕೊಂಡಿರುವ ಬಿಟಿಎಫ್ ಮಾಹಿತಿ ಹುಟ್ಟುವುದೇ ಡಿಬಗ್ ಮಾಹಿತಿಯಿಂದ. ಅದಕ್ಕೆ ಪಾಹೋಲ್ ಎಂಬ ಉಪಕರಣ ಬೇಕು. ಕೊನೆಯಲ್ಲಿ ಅದು ರ್‍ಯಾಮನ್ನು ಚೆನ್ನಾಗಿ ನುಂಗುತ್ತದೆ, 8 ಜಿಬಿಯ ಯಂತ್ರದಲ್ಲಿ ಬೇರೆ ಎಲ್ಲವನ್ನೂ ಮುಚ್ಚಿ ಕೂರಿ.

ಮೂರನೆಯದು ಇನ್‌ಸ್ಟಾಲ್ ಮಾಡುವಾಗಿನದು. ಡಿಬಗ್ ಮಾಹಿತಿ ತೆಗೆಯದ ಮಾಡ್ಯೂಲ್‌ಗಳು ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆರಂಭದಲ್ಲೇ ಮೆಮೊರಿಗೆ ಬರುವ ಪುಟ್ಟ ಫೈಲ್‌ಸಿಸ್ಟಂ) ಸೇರಿದರೆ ಆ ಒಂದೇ ಕಡತ ನೂರಾರು ಎಂಬಿ ಆಗಿ, ಚಿಕ್ಕದಾಗಿರುವ ಬೂಟ್ ಪಾರ್ಟಿಷನ್ ತುಂಬಿಹೋಗುತ್ತದೆ. 'ಇನ್‌ಸ್ಟಾಲ್ ಮಾಡ್ ಸ್ಟ್ರಿಪ್' ಎಂಬ ವೇರಿಯಬಲ್‌ಗೆ 1 ಎಂದು ಕೊಟ್ಟು ಮಾಡ್ಯೂಲ್‌ಗಳನ್ನು ಇನ್‌ಸ್ಟಾಲ್ ಮಾಡಿದರೆ ಈ ತಲೆನೋವಿಲ್ಲ.

ಇಷ್ಟು ಸರಿಮಾಡಿಕೊಂಡರೆ ಮೊದಲ ಸಲ ಕಂಪೈಲ್ ಮಾಡುವವರಿಗೆ ಇದಕ್ಕಿಂತ ಭದ್ರವಾದ ದಾರಿ ಇಲ್ಲ.

ಲೋಕಲ್‌ಮಾಡ್‌ಕಾನ್ಫಿಗ್: ನನ್ನ ಮೆಚ್ಚಿನ ದಾರಿ, ಷರತ್ತಿನೊಂದಿಗೆ

ಸ್ಟೀವನ್ ರೋಸ್ಟೆಡ್ ಬರೆದ ಈ ಸೌಲಭ್ಯ ಕರ್ನಲ್ 2.6.32ರಲ್ಲಿ ಬಂತು. ಅದು ಮಾಡುವ ಕೆಲಸ ಸರಳ. ಈಗ ಯಾವ ಮಾಡ್ಯೂಲ್‌ಗಳು ಲೋಡ್ ಆಗಿವೆ ಎಂದು 'ಎಲ್‌ಎಸ್‌ಮಾಡ್' ಪಟ್ಟಿ ನೋಡಿ, ಡಿಸ್ಟ್ರೋ ಕಾನ್ಫಿಗ್‌ನಲ್ಲಿ ಉಳಿದ ಎಲ್ಲ ಮಾಡ್ಯೂಲ್‌ಗಳಿಗೂ 'ಎನ್' ಹಾಕುತ್ತದೆ. ಕರ್ನಲ್‌ನೊಳಗೇ ಸೇರಿಕೊಂಡವನ್ನು ಮುಟ್ಟುವುದಿಲ್ಲ. ಗಂಟೆಗಟ್ಟಲೆಯ ಕಂಪೈಲ್ ಇದರಿಂದ ಅರ್ಧ ಗಂಟೆಯ ಆಸುಪಾಸಿಗೆ ಇಳಿಯಬಹುದು.

ಷರತ್ತು ಇಷ್ಟೇ: ಆ ಗಳಿಗೆಯಲ್ಲಿ ಲೋಡ್ ಆಗಿರದದ್ದು ಅದರ ಪಾಲಿಗೆ ಇಲ್ಲವೇ ಇಲ್ಲ. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲದೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ನೆಟ್ ಬಳಸುವ ವಿದ್ಯಾರ್ಥಿ ಎಂದಿಟ್ಟುಕೊಳ್ಳಿ. ಕಾನ್ಫಿಗ್ ಮಾಡುವ ಹೊತ್ತಿಗೆ ಕೇಬಲ್ ತೆಗೆದಿದ್ದು ಆ ಮಾಡ್ಯೂಲ್ ಲೋಡ್ ಆಗಿರದಿದ್ದರೆ 'ಆರ್‌ಎನ್‌ಡಿಐಎಸ್ ಹೋಸ್ಟ್' ಡ್ರೈವರ್ ಹೊಸ ಕರ್ನಲ್‌ನಲ್ಲಿ ಇರುವುದಿಲ್ಲ. ಬೂಟ್ ಚೆನ್ನಾಗೇ ಆಗುತ್ತದೆ, ವೈಫೈಯೂ ಬರುತ್ತದೆ, ಮೊಬೈಲ್ ಸಿಕ್ಕಿಸಿದರೆ ಮಾತ್ರ ನೆಟ್ ಇಲ್ಲ. ಪೆನ್‌ಡ್ರೈವ್ ಕೂಡ ಹೀಗೇ. ಯುಎಸ್‌ಬಿ ಸ್ಟೋರೇಜ್ ಒಂದಿದ್ದರೆ ಸಾಲದು. ಫ್ಯಾಟ್ ಫೈಲ್‌ಸಿಸ್ಟಂ ಮೌಂಟ್ ಆಗಲು 437ರ ಕೋಡ್‌ಪೇಜ್, ಐಎಸ್‌ಒ 8859-1 ಎಂಬ ಎನ್‌ಎಲ್‌ಎಸ್ ಮಾಡ್ಯೂಲ್‌ಗಳೂ ಬೇಕಾಗುತ್ತವೆ. ಡಾಕರ್ ಬಳಸುವವರು ಆ ಹೊತ್ತಿಗೆ ಒಂದು ಕಂಟೇನರ್ ಓಡಿಸಿರದಿದ್ದರೆ ಓವರ್‌ಲೇ, ವೆಥ್, ಬ್ರಿಡ್ಜ್ ಎಂಬ ಮಾಡ್ಯೂಲ್‌ಗಳೆಲ್ಲ ಕೈತಪ್ಪಬಹುದು.

ಆದ್ದರಿಂದ ಕಮಾಂಡ್ ಕೊಡುವ ಮುಂಚೆ ಒಂದು ಹತ್ತು ನಿಮಿಷ ಯಂತ್ರವನ್ನು ಎಂದಿನಂತೆ ಬಳಸಿ. ಪೆನ್‌ಡ್ರೈವ್ ಸಿಕ್ಕಿಸಿ ತೆರೆಯಿರಿ, ಮೊಬೈಲ್ ಟೆದರಿಂಗ್ ಹಾಕಿ, ಬ್ಲೂಟೂತ್ ಇಯರ್‌ಫೋನ್ ಜೋಡಿಸಿ, ಎಚ್‌ಡಿಎಂಐಗೆ ಪ್ರೊಜೆಕ್ಟರ್ ಕೊಡಿ, ವಿಪಿಎನ್ ಆನ್ ಮಾಡಿ, ವರ್ಚುವಲ್ ಮಷೀನ್ ಓಡಿಸಿ. ಹಾಗೆ ಮಾಡಿ ಎಲ್‌ಎಸ್‌ಮಾಡ್ ಔಟ್‌ಪುಟನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಿ. ಲೋಕಲ್‌ಮಾಡ್‌ಕಾನ್ಫಿಗ್‌ಗೆ 'ಎಲ್‌ಎಸ್‌ಮಾಡ್' ವೇರಿಯಬಲ್ ಮೂಲಕ ಆ ಕಡತವನ್ನೇ ಕೊಡಬಹುದು. ಇದರ ಲಾಭ ಇನ್ನೊಂದಿದೆ: ಹಳೆಯ ಲ್ಯಾಪ್‌ಟಾಪಿನ ಪಟ್ಟಿಯನ್ನು ಸ್ನೇಹಿತರ ವೇಗದ ಯಂತ್ರಕ್ಕೆ ಒಯ್ದು ಅಲ್ಲಿ ಕಂಪೈಲ್ ಮಾಡಬಹುದು. ಕಾನ್ಫಿಗ್ ಕಡತವನ್ನೂ ಒಯ್ಯುವುದನ್ನು ಮರೆಯಬೇಡಿ. ಆರ್ಚ್ ಲಿನಕ್ಸ್ ಬಳಗದಲ್ಲಿ ಮಾಡ್‌ಪ್ರೋಬ್ಡ್ ಡಿಬಿ ಎಂಬ ಪುಟ್ಟ ಉಪಕರಣ ಜನಪ್ರಿಯ. ಎಂದಾದರೂ ಲೋಡ್ ಆದ ಮಾಡ್ಯೂಲ್‌ಗಳನ್ನೆಲ್ಲ ಅದು ದಿನದಿನವೂ ಬರೆದಿಟ್ಟುಕೊಳ್ಳುತ್ತದೆ. ಇಡೀ ಡೈರೆಕ್ಟರಿಯ ಡ್ರೈವರ್‌ಗಳನ್ನು ಉಳಿಸಿಕೊಳ್ಳಬೇಕೆಂದರೆ 'ಎಲ್‌ಎಂಸಿ ಕೀಪ್' ಎಂಬ ವೇರಿಯಬಲ್‌ಗೆ ಆ ಡೈರೆಕ್ಟರಿಯ ಹೆಸರು ಕೊಡಿ. ಯುಎಸ್‌ಬಿ ಡ್ರೈವರ್‌ಗಳಿಗೆ ಹೀಗೆ ಮಾಡುವುದು ಜಾಣತನ.

ಕೆಟ್ಟ ಬದಲಾವಣೆ ಹುಡುಕುವವರಿಗೆ, ಅಂದರೆ ಗಿಟ್ ಬೈಸೆಕ್ಟ್ ಮಾಡುವವರಿಗೆ, ಇದು ಬಿಟ್ಟು ಬೇರೆ ದಾರಿ ಯೋಚಿಸಲೇ ಬೇಡಿ. ಎರಡು ಕರ್ನಲ್ ಆವೃತ್ತಿಗಳ ನಡುವೆ 10 ಸಾವಿರಕ್ಕೂ ಹೆಚ್ಚು ಬದಲಾವಣೆಗಳು ಇರುತ್ತವೆ. ಪ್ರತಿ ಸಲ ಅರ್ಧಕ್ಕೆ ಇಳಿಸುತ್ತ ಹೋದರೂ 13–14 ಸಲ ಕಟ್ಟಿ ಬೂಟ್ ಮಾಡಬೇಕು. ಒಂದು ಬಿಲ್ಡ್‌ಗೆ ಎರಡು ಗಂಟೆ ಎಂದರೆ ವಾರಾಂತ್ಯ ಪೂರ್ತಿ ಹೋಯಿತು. ಇಪ್ಪತ್ತು ನಿಮಿಷ ಎಂದರೆ ಒಂದೇ ದಿನದಲ್ಲಿ ಉತ್ತರ ಸಿಗುತ್ತದೆ. ಕರ್ನಲ್‌ನ ಜೊತೆಗೇ ಬರುವ ದಾಖಲೆಗಳೂ ಈ ಕೆಲಸಕ್ಕೆ ಇದನ್ನೇ ಸೂಚಿಸುತ್ತವೆ.

ಡೆಫ್‌ಕಾನ್ಫಿಗ್: ವರ್ಚುವಲ್ ಮಷೀನಿಗೆ ಮತ್ತು ಬೋರ್ಡಿಗೆ

ಪ್ರತಿ ಪ್ರೊಸೆಸರ್ ಕುಟುಂಬಕ್ಕೂ ಕರ್ನಲ್ ಸೋರ್ಸಿನಲ್ಲೇ ಒಂದು ಡೀಫಾಲ್ಟ್ ಕಾನ್ಫಿಗ್ ಇದೆ. ಎಕ್ಸ್86ರದ್ದು ಚಿಕ್ಕದು, ಬೇಗ ಕಂಪೈಲ್ ಆಗುತ್ತದೆ. ಆದರೆ ಅದು ನಿಮ್ಮ ಲ್ಯಾಪ್‌ಟಾಪಿಗೆಂದು ಮಾಡಿದ್ದಲ್ಲ. ನಿಮ್ಮ ವೈಫೈ ಚಿಪ್, ಟಚ್‌ಪ್ಯಾಡ್, ಸೌಂಡ್ ಇವುಗಳ ಡ್ರೈವರ್ ಅದರಲ್ಲಿ ಇದೆಯೋ ಇಲ್ಲವೋ ನೀವೇ ಹುಡುಕಬೇಕು. ಅದಕ್ಕಿಂತ ಮುಖ್ಯವಾಗಿ ರೂಟ್ ಪಾರ್ಟಿಷನ್ ಯಾವ ಡಿಸ್ಕಿನಲ್ಲಿ, ಯಾವ ಫೈಲ್‌ಸಿಸ್ಟಂನಲ್ಲಿದೆ ಎಂದು ನೋಡಿ. ಎನ್‌ವಿಎಂಇ ಡಿಸ್ಕ್ ಇದ್ದರೆ ಅದರ ಡ್ರೈವರ್, ಫೆಡೋರಾ ಇದ್ದರೆ ಬಿಟಿಆರ್‌ಎಫ್‌ಎಸ್ (ವರ್ಕ್‌ಸ್ಟೇಷನ್ ಆವೃತ್ತಿಯಲ್ಲಿ 33ರಿಂದ ಅದೇ ಡೀಫಾಲ್ಟ್), ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದ್ದರೆ ಡಿಎಂ ಕ್ರಿಪ್ಟ್. ಇವುಗಳಲ್ಲಿ ಒಂದು ಇಲ್ಲದಿದ್ದರೂ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ರೂಟ್ ಫೈಲ್‌ಸಿಸ್ಟಂ ಮೌಂಟ್ ಮಾಡಲಾಗುತ್ತಿಲ್ಲ ಎಂಬ ಪ್ಯಾನಿಕ್ ಸಂದೇಶ ಪರದೆ ಮೇಲೆ ಬಂದು, ಅದರಲ್ಲಿ 'ಅನ್‌ನೋನ್ ಬ್ಲಾಕ್ 0,0' ಎಂದಿದ್ದರೆ ಕರ್ನಲ್‌ಗೆ ಡಿಸ್ಕೇ ಕಾಣಿಸಿಲ್ಲ ಎಂದರ್ಥ. ಡ್ರೈವರ್ ಇಲ್ಲ, ಇಲ್ಲವೇ ಡ್ರೈವರ್ ಮಾಡ್ಯೂಲ್ ಆಗಿದ್ದು ಇನಿಟ್‌ರಾಮ್‌ಎಫ್‌ಎಸ್ ಇಲ್ಲ.

ಇಲ್ಲೇ 'ವೈ' ಮತ್ತು 'ಎಂ' ನಡುವಿನ ವ್ಯತ್ಯಾಸ ಹೇಳಿಬಿಡುತ್ತೇನೆ. 'ವೈ' ಎಂದರೆ ಕರ್ನಲ್ ಇಮೇಜಿನೊಳಗೇ ಸೇರುತ್ತದೆ, 'ಎಂ' ಎಂದರೆ ಬೇರೆ ಕಡತವಾಗಿ ಡಿಸ್ಕಿನ ಮೇಲೆ ಕೂರುತ್ತದೆ. ಡಿಸ್ಕ್ ಓದುವ ಡ್ರೈವರೇ ಡಿಸ್ಕಿನ ಮೇಲೆ ಕುಳಿತರೆ ಅದನ್ನು ಓದುವವರು ಯಾರು? ಅದಕ್ಕೇ ಇನಿಟ್‌ರಾಮ್‌ಎಫ್‌ಎಸ್ ಬೇಕು. ಅದು ಬೇಡ ಎನ್ನುವವರು ಡಿಸ್ಕ್ ಮತ್ತು ಫೈಲ್‌ಸಿಸ್ಟಂ ಡ್ರೈವರ್‌ಗಳಿಗೆ 'ವೈ' ಕೊಡಲೇಬೇಕು. ಉಳಿದದ್ದಕ್ಕೆಲ್ಲ ಸಂಶಯ ಬಂದರೆ 'ಎಂ' ಕೊಡಿ.

ಡೆಫ್‌ಕಾನ್ಫಿಗ್ ನಿಜವಾಗಿ ಹೊಳೆಯುವುದು ವರ್ಚುವಲ್ ಮಷೀನಿನಲ್ಲಿ. ಡೆಫ್‌ಕಾನ್ಫಿಗ್ ಮಾಡಿ, ಅದರ ಮೇಲೆ 'ಮೇಕ್ ಕೆವಿಎಂ ಗೆಸ್ಟ್ ಡಾಟ್ ಕಾನ್ಫಿಗ್' ಕೊಟ್ಟರೆ ವರ್ಚುವಲ್ ಮಷೀನಿಗೆಂದೇ ಇರುವ ವರ್ಟ್‌ಐಒ ಡ್ರೈವರ್‌ಗಳು, ಸೀರಿಯಲ್ ಕನ್ಸೋಲ್ ಎಲ್ಲ ಸೇರಿಕೊಳ್ಳುತ್ತವೆ. ವರ್ಚುವಲ್ ಮಷೀನ್ ಓಡಿಸುವ ಕ್ಯೂಎಂಯುಗೆ ಆ ಇಮೇಜನ್ನು ನೇರವಾಗಿ ಕೊಟ್ಟು ಬೂಟ್ ಮಾಡಬಹುದು. ಗ್ರಬ್ ಬೇಡ, ಇನ್‌ಸ್ಟಾಲ್ ಬೇಡ. ಸಿಸ್ಟಂ ಕಾಲ್ ಸೇರಿಸುವ, ಶೆಡ್ಯೂಲರ್ ತಿದ್ದುವ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನನ್ನ ಒತ್ತಾಯದ ಸಲಹೆ ಇದು. ತಪ್ಪು ಬರೆದು ಕರ್ನಲ್ ಕುಸಿದರೆ ಕುಸಿಯುವುದು ಒಂದು ಕಿಟಕಿ ಮಾತ್ರ, ಸೆಮಿಸ್ಟರ್‌ನ ಎಲ್ಲ ಕಡತಗಳಿರುವ ಲ್ಯಾಪ್‌ಟಾಪ್ ಅಲ್ಲ.

ರಾಸ್ಪ್‌ಬೆರಿ ಪೈನಂಥ ಬೋರ್ಡುಗಳಲ್ಲಿಯೂ ಡೆಫ್‌ಕಾನ್ಫಿಗ್ಗೇ ಸರಿಯಾದ ಶುರು, ಏಕೆಂದರೆ ಅಲ್ಲಿ ಹಾರ್ಡ್‌ವೇರ್ ಯಾವುದು ಎಂದು ಮೊದಲೇ ಗೊತ್ತು. ಅವರದೇ ಕರ್ನಲ್ ಸೋರ್ಸ್ ತೆಗೆದುಕೊಂಡು, 64 ಬಿಟ್‌ಗೆ ಪೈ 4ಕ್ಕೆ ಬಿಸಿಎಂ2711 ಡೆಫ್‌ಕಾನ್ಫಿಗ್, ಪೈ 5ಕ್ಕೆ ಬಿಸಿಎಂ2712 ಡೆಫ್‌ಕಾನ್ಫಿಗ್ ಬಳಸಿ. ಎರಡನೆಯದು 16 ಕಿಲೋಬೈಟ್ ಮೆಮೊರಿ ಪುಟ ಬಳಸುತ್ತದೆ, 4 ಕಿಲೋಬೈಟ್ ಎಂದೇ ನಂಬಿ ಬರೆದ ಕೆಲವು ಸಾಫ್ಟ್‌ವೇರ್ ಅದರ ಮೇಲೆ ಎಡವಬಹುದು. ಕಂಪೈಲ್ ಅನ್ನು ಬೋರ್ಡಿನ ಮೇಲೇ ಮಾಡದೆ ಪಿಸಿಯಲ್ಲಿ ಕ್ರಾಸ್ ಕಂಪೈಲರ್‌ನಿಂದ ಮಾಡಿದರೆ ಬಹಳ ಹೊತ್ತು ಉಳಿಯುತ್ತದೆ.

ಟೈನಿಕಾನ್ಫಿಗ್

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲಕ್ಕೂ 'ಎನ್' ಹಾಕಿ ಶುರು ಮಾಡುವ ದಾರಿ. 64 ಬಿಟ್ ಬೆಂಬಲ, ಸಂದೇಶ ಅಚ್ಚಿಸುವ ಪ್ರಿಂಟ್‌ಕೆ, ಟಿಟಿವೈ, ಇಎಲ್‌ಎಫ್ ಕಡತ ಓಡಿಸುವ ಬೆಂಬಲ, ಇವನ್ನೂ ನೀವೇ ಒಂದೊಂದಾಗಿ ಹಾಕಬೇಕು. ಫ್ಲಾಶ್ ಮೆಮೊರಿ ಕೆಲವೇ ಎಂಬಿ ಇರುವ ಸಾಧನಕ್ಕೆ, ಅಥವಾ ಕರ್ನಲ್ ಯಾವ ಕನಿಷ್ಠ ಭಾಗಗಳಿಂದ ನಿಲ್ಲುತ್ತದೆ ಎಂದು ಕಲಿಯುವವರಿಗೆ ಇದು ಸೊಗಸು. ದಿನಬಳಕೆಯ ಯಂತ್ರಕ್ಕೆ ಬೇಡ. ಆಲ್‌ಯೆಸ್‌ಕಾನ್ಫಿಗ್, ಆಲ್‌ಮಾಡ್‌ಕಾನ್ಫಿಗ್, ರಾಂಡ್‌ಕಾನ್ಫಿಗ್ ಇರುವುದು ಕೋಡ್ ಕಂಪೈಲ್ ಆಗುತ್ತದೋ ಎಂದು ಪರೀಕ್ಷಿಸುವವರಿಗೆ.

ಶುರು ಮಾಡಿದ ಮೇಲೆ ತೂಗಬೇಕಾದ ಒಂದೆರಡು

ಮೆನುಕಾನ್ಫಿಗ್‌ನಲ್ಲಿ ಅಲೆದಾಡಬೇಡಿ, ಓರೆಗೆರೆ ಒತ್ತಿ ಹುಡುಕಿ. ಆಯ್ಕೆಯ ಹೆಸರು ಕೊಟ್ಟರೆ ಅದು ಯಾವ ಮೆನುವಿನಲ್ಲಿದೆ, ಯಾವುದರ ಮೇಲೆ ಅವಲಂಬಿತ, ಈಗಿನ ಮೌಲ್ಯ ಏನು ಎಲ್ಲ ತೋರಿಸುತ್ತದೆ. ಹುಡುಕಿದ ಆಯ್ಕೆ ಮೆನುವಿನಲ್ಲಿ ಕಾಣದಿದ್ದರೆ ಅವಲಂಬನೆಯ ಸಾಲು ಓದಿ, ಅಲ್ಲಿ ಯಾವುದಕ್ಕೋ 'ಎನ್' ಇರುತ್ತದೆ. ಡಾಟ್ ಕಾನ್ಫಿಗ್ ಕಡತವನ್ನು ನೇರ ಎಡಿಟರ್‌ನಲ್ಲಿ ತಿದ್ದಿದರೆ ಅವಲಂಬನೆ ಹೊಂದದ ಸಾಲನ್ನು ಮುಂದಿನ ಮೇಕ್ ಸದ್ದಿಲ್ಲದೆ ಅಳಿಸಿಬಿಡುತ್ತದೆ.

ಪ್ರೀಎಂಪ್ಷನ್ ಮಾದರಿ ಹೆಚ್ಚು ಚರ್ಚೆಯಾಗುವ ಆಯ್ಕೆ. ಸರ್ವರ್‌ಗೆ ಒಟ್ಟು ಕೆಲಸ ಮುಖ್ಯ, ಕಡಿಮೆ ಪ್ರೀಎಂಪ್ಷನ್ ಸಾಕು. ಡೆಸ್ಕ್‌ಟಾಪಿಗೆ ಮೌಸ್ ತಡವರಿಸಬಾರದು, ಫುಲ್ ಕೊಡಿ. ಆಡಿಯೋ ರೆಕಾರ್ಡಿಂಗ್, ರೋಬೋಟ್ ನಿಯಂತ್ರಣದಂಥ ಕೆಲಸಕ್ಕೆ ಪ್ರೀಎಂಪ್ಟ್ ಆರ್‌ಟಿ ಇದೆ. ಸುಮಾರು 20 ವರ್ಷ ಹೊರಗಿನ ಪ್ಯಾಚ್ ಆಗಿಯೇ ಉಳಿದಿದ್ದ ಅದು 2024ರ ನವೆಂಬರ್‌ನಲ್ಲಿ ಬಂದ 6.12ರಿಂದ ಎಕ್ಸ್86, ಆರ್ಮ್64, ರಿಸ್ಕ್‌ವಿ ಮೂರಕ್ಕೂ ಮುಖ್ಯ ಕರ್ನಲ್‌ನಲ್ಲೇ ಸಿಗುತ್ತದೆ. ಅದು ಕೊಡುವುದು ವೇಗವಲ್ಲ, ಹೊತ್ತಿಗೆ ಸರಿಯಾಗಿ ಸ್ಪಂದಿಸುವ ಖಾತರಿ. ಅದಕ್ಕೆ ಬೆಲೆಯಾಗಿ ಒಟ್ಟು ಕೆಲಸ ತುಸು ಕಡಿಮೆಯಾಗುತ್ತದೆ. ಟೈಮರ್ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಟೈಮರ್ ಎಷ್ಟು ಸಲ ಮಿಡಿಯಬೇಕು ಎಂಬುದರಲ್ಲಿ) 250 ಮತ್ತು 1000ರ ನಡುವೆ ಗೊಂದಲವಿದ್ದರೆ ಡೆಸ್ಕ್‌ಟಾಪಿಗೆ 1000 ಇಡಿ, ಉಬುಂಟು ಕೂಡ 24.10ರಿಂದ ಅದಕ್ಕೇ ಬದಲಾಯಿಸಿತು. ಇಮೇಜ್ ಕಂಪ್ರೆಷನ್‌ಗೆ ಝಡ್‌ಎಸ್‌ಟಿಡಿ ಇಡಿ, ಅದರ ಮೇಲೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ.

ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ಸೆಕ್ಯೂರ್ ಬೂಟ್ ಆನ್ ಇದ್ದರೆ ನೀವು ಕಟ್ಟಿದ ಕರ್ನಲ್‌ಗೆ ಸಹಿ ಇಲ್ಲವೆಂದು ಬೂಟ್ ಲೋಡರ್ ಹಂತದಲ್ಲೇ ತಿರಸ್ಕಾರವಾಗುತ್ತದೆ. ಸ್ವಂತ ಕೀ ಮಾಡಿ ಮೋಕ್‌ಯುಟಿಲ್ ಎಂಬ ಉಪಕರಣದಿಂದ ನೋಂದಾಯಿಸಿ, ಅದರಿಂದ ಸಹಿ ಹಾಕುವುದು ಸರಿಯಾದ ದಾರಿ. ಪರೀಕ್ಷೆಗಷ್ಟೇ ಎಂದರೆ ತಾತ್ಕಾಲಿಕವಾಗಿ ಆಫ್ ಮಾಡಬಹುದು, ಆದರೆ ವಿಂಡೋಸ್ ಕೂಡ ಅದೇ ಯಂತ್ರದಲ್ಲಿ ಬಿಟ್‌ಲಾಕರ್‌ನೊಂದಿಗೆ ಇದ್ದರೆ ಮೊದಲು ಅದರ ರಿಕವರಿ ಕೀ ಕೈಯಲ್ಲಿಟ್ಟುಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಮೊದಲ ಸಲ, ಯಂತ್ರ ಸಾಕಷ್ಟು ವೇಗವಾಗಿದೆ, ಒಂದು ರಾತ್ರಿ ಬಿಡಬಹುದು ಎಂದರೆ ಡಿಸ್ಟ್ರೋ ಕಾನ್ಫಿಗ್, ಡಿಬಗ್ ಮಾಹಿತಿ ಆಫ್ ಮಾಡಿ. ಹಳೆಯ ಲ್ಯಾಪ್‌ಟಾಪ್, ಡಿಸ್ಕಿನಲ್ಲಿ ಜಾಗ ಕಡಿಮೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ ಎಂದರೆ ಲೋಕಲ್‌ಮಾಡ್‌ಕಾನ್ಫಿಗ್. ನಡುವೆ ಕರೆಂಟು ಹೋದರೂ ಮೇಕ್ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ, ಆಗಿರುವ ಕಡತಗಳನ್ನು ಮತ್ತೆ ಕಂಪೈಲ್ ಮಾಡುವುದಿಲ್ಲ. ಕೋಡ್ ತಿದ್ದಿ ಕಲಿಯಲು ಡೆಫ್‌ಕಾನ್ಫಿಗ್ ಮತ್ತು ಕ್ಯೂಎಂಯು. ಇಬಿಪಿಎಫ್ ಎಂದರೆ ಡಿಸ್ಟ್ರೋ ಕಾನ್ಫಿಗ್ ಮೇಲೆ ಲೋಕಲ್‌ಮಾಡ್‌ಕಾನ್ಫಿಗ್, ಬಿಟಿಎಫ್ ಉಳಿಸಿಕೊಂಡು. ಹತ್ತಾರು ಬಗೆಯ ಯಂತ್ರಗಳಿರುವ ಲ್ಯಾಬಿಗೆ ಒಂದೇ ಕರ್ನಲ್ ಬೇಕೆಂದರೆ ಡಿಸ್ಟ್ರೋ ಕಾನ್ಫಿಗ್ ಬಿಟ್ಟು ಬೇರೆ ಯಾವುದೂ ಕೆಲಸಕ್ಕೆ ಬರುವುದಿಲ್ಲ, ಕಂಪೈಲ್ ಭಾರವನ್ನು ಒಂದೇ ಸಲ ಹೊತ್ತುಕೊಳ್ಳಿ.

ಯಾವುದನ್ನೇ ಆರಿಸಿದರೂ 'ಲೋಕಲ್ ವರ್ಷನ್' ಆಯ್ಕೆಯಲ್ಲಿ ನಿಮ್ಮದೇ ಒಂದು ಹೆಸರು ಕೊಡಿ, ಆಗ ಡಿಸ್ಟ್ರೋ ಕರ್ನಲ್ ಜೊತೆ ಬೆರೆಯುವುದಿಲ್ಲ. ಡೆಬಿಯನ್, ಉಬುಂಟುವಿನಲ್ಲಿ 'ಮೇಕ್ ಬಿನ್‌ಡೆಬ್ ಪಿಕೆಜಿ', ಫೆಡೋರಾದಲ್ಲಿ 'ಬಿನ್‌ಆರ್‌ಪಿಎಂ ಪಿಕೆಜಿ', ಆರ್ಚ್‌ನಲ್ಲಿ 6.11ರಿಂದ 'ಪ್ಯಾಕ್‌ಮ್ಯಾನ್ ಪಿಕೆಜಿ' ಮಾಡಿದರೆ ಪ್ಯಾಕೇಜ್ ಆಗಿ ಇನ್‌ಸ್ಟಾಲ್ ಆಗುತ್ತದೆ, ಬೇಡವಾದಾಗ ಒಂದೇ ಕಮಾಂಡಿನಲ್ಲಿ ತೆಗೆಯಬಹುದು. ಎನ್‌ವಿಡಿಯಾದ ಡ್ರೈವರ್ ಡಿಕೆಎಂಎಸ್ (ಪ್ರತಿ ಹೊಸ ಕರ್ನಲ್‌ಗೂ ಹೊರಗಿನ ಮಾಡ್ಯೂಲನ್ನು ಮತ್ತೆ ಕಟ್ಟುವ ವ್ಯವಸ್ಥೆ) ಮೂಲಕ ಇದ್ದರೆ ಹೆಡರ್ಸ್ ಪ್ಯಾಕೇಜನ್ನೂ ಹಾಕಿ. ಹಳೆಯ ಡಿಸ್ಟ್ರೋ ಕರ್ನಲ್ ಅನ್ನು ಮಾತ್ರ ತೆಗೆಯಲೇ ಬೇಡಿ, ಗ್ರಬ್ ಮೆನು ಕಾಣುವಂತೆ ಐದು ಸೆಕೆಂಡ್ ಸಮಯ ಇಟ್ಟುಕೊಳ್ಳಿ. ಬೂಟ್ ಆದ ಮೇಲೆ 'ಮೇಕ್ ಸೇವ್‌ಡೆಫ್‌ಕಾನ್ಫಿಗ್' ಕೊಡಿ. ಡೀಫಾಲ್ಟ್‌ಗಿಂತ ಬೇರೆಯಾದ ಸಾಲುಗಳಷ್ಟೇ ಇರುವ ಚಿಕ್ಕ ಕಡತ ಸಿಗುತ್ತದೆ. ಅದನ್ನು ಗಿಟ್‌ನಲ್ಲಿ ಇಟ್ಟುಕೊಂಡರೆ ಮುಂದಿನ ಆವೃತ್ತಿಗೆ ಅಲ್ಲಿಂದಲೇ ಶುರು ಮಾಡಬಹುದು.